ಮಗಳ ಇಂಗ್ಲಿಷ್ ಪದವಿ, ವಿದ್ಯಾರ್ಥಿ ಸಾಲ ಮತ್ತು ನಾವು ಹಾಕಿದ ಲೆಕ್ಕ

ಇಂಗ್ಲೆಂಡಿನಲ್ಲಿ 2025ರ ಶರತ್ಕಾಲದಲ್ಲಿ ಪದವಿಗೆ ಸೇರಿದ ವಿದ್ಯಾರ್ಥಿಯಿಂದ ವಿಶ್ವವಿದ್ಯಾಲಯವು ವರ್ಷಕ್ಕೆ ಗರಿಷ್ಠ 9,535 ಪೌಂಡ್ ಬೋಧನಾ ಶುಲ್ಕ ಪಡೆಯಬಹುದಾಗಿತ್ತು. ವೈದ್ಯಕೀಯ ಓದುವವರಿಗೂ ಅದೇ ಶುಲ್ಕ, ಅರ್ಥಶಾಸ್ತ್ರ ಓದುವವರಿಗೂ ಅದೇ, ಇಂಗ್ಲಿಷ್ ಸಾಹಿತ್ಯ ಓದುವವರಿಗೂ ಅದೇ. ಓದು ಮುಗಿದ ಮೇಲೆ ಕೈಗೆ ಬರುವ ಸಂಬಳ ಮಾತ್ರ ವಿಷಯದಿಂದ ವಿಷಯಕ್ಕೆ ಬಹಳ ಬೇರೆ. ಸರ್ಕಾರ ಪ್ರಕಟಿಸುವ ಪದವೀಧರರ ಆದಾಯದ ಪಟ್ಟಿಗಳಲ್ಲಿ ವೈದ್ಯಕೀಯ ಮತ್ತು ಅರ್ಥಶಾಸ್ತ್ರ ಮೇಲ್ತುದಿಯಲ್ಲಿರುತ್ತವೆ, ಪ್ರದರ್ಶಕ ಕಲೆಗಳು ಕೆಳತುದಿಯಲ್ಲಿರುತ್ತವೆ, ಇಂಗ್ಲಿಷ್ ಮಧ್ಯಕ್ಕಿಂತ ಕೆಳಗಿನ ಭಾಗದಲ್ಲಿ ಎಲ್ಲೋ ಇರುತ್ತದೆ. ನಮ್ಮ ಮಗಳು ಇಂಗ್ಲಿಷನ್ನೇ ಓದುತ್ತೇನೆಂದು ನಿರ್ಧರಿಸಿದಾಗ, ಅವಳೂ ನಾನೂ ನನ್ನ ಪತಿಯೂ ಒಂದು ಚಳಿಗಾಲವಿಡೀ ಕುಳಿತು ಈ ಎರಡನ್ನೂ ತೂಗಿ ನೋಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಬೇಕು. ಈ ಲೆಕ್ಕವೆಲ್ಲ ಇಂಗ್ಲೆಂಡಿನಲ್ಲಿ ಖಾಯಂ ನೆಲೆಸುವ ಹಕ್ಕು ಅಥವಾ ಬ್ರಿಟಿಷ್ ಪೌರತ್ವ ಇದ್ದು, ಕೋರ್ಸಿಗೆ ಮುಂಚಿನ ಮೂರು ವರ್ಷ ಈ ದೇಶದಲ್ಲೇ ವಾಸವಾಗಿರುವ ಕುಟುಂಬದ ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿ ಸಾಲಕ್ಕೆ ಸಂಬಂಧಿಸಿದ್ದು. ಭಾರತದಿಂದ ವಿದ್ಯಾರ್ಥಿ ವೀಸಾದ ಮೇಲೆ ಬರುವವರಿಗೆ ಶುಲ್ಕವೂ ಬೇರೆ, ಅವರು ಬ್ಯಾಂಕಿನಿಂದ ತರುವ ಸಾಲದ ಸ್ವರೂಪವೂ ಬೇರೆ. ಕಂತು ತಪ್ಪಿದರೆ ಜಾಮೀನು ಹಾಕಿದ ತಂದೆಯ ಮನೆಬಾಗಿಲಿಗೆ ಬರುವ ಸಾಲಕ್ಕೆ ಇಲ್ಲಿನ ತರ್ಕವನ್ನು ಯಾರೂ ಅನ್ವಯಿಸಬಾರದು.

ನಾನು ಒಂದು ಸಣ್ಣ ಸಂಸ್ಥೆಯ ಪೇರೋಲ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ತಿಂಗಳ ಕೊನೆಯಲ್ಲಿ ಹತ್ತಾರು ಜನರ ಸಂಬಳದಿಂದ ತೆರಿಗೆ, ರಾಷ್ಟ್ರೀಯ ವಿಮೆ ಮತ್ತು ಪಿಂಚಣಿಯ ಜೊತೆಗೆ ವಿದ್ಯಾರ್ಥಿ ಸಾಲದ ಕಡಿತವನ್ನೂ ನೋಡಿಕೊಳ್ಳುವುದು ನನ್ನ ದಿನನಿತ್ಯದ ಕೆಲಸ. ಆದ್ದರಿಂದ ಮಗಳ ವಿಷಯ ಬಂದಾಗ ನನ್ನ ಗಮನ ಮೊದಲು ಹೋದದ್ದು ಸಾಲದ ಒಟ್ಟು ಮೊತ್ತದ ಕಡೆಗಲ್ಲ, ಪೇ ಸ್ಲಿಪ್ಪಿನಲ್ಲಿ ಆ ಸಾಲ ಕಾಣಿಸಿಕೊಳ್ಳುವ ಒಂದು ಸಾಲಿನ ಕಡೆಗೆ. ಊರಿನಲ್ಲಿರುವ ನಮ್ಮ ಮಾವನವರಿಗೆ ಮಾತ್ರ ಒಟ್ಟು ಮೊತ್ತವೇ ಮುಖ್ಯವಾಗಿತ್ತು. ಅವರ ಮಾತನ್ನೂ ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಒಟ್ಟು ಮೊತ್ತ ಹೀಗಿತ್ತು. ಶುಲ್ಕ ಅಷ್ಟೇ ಇರುತ್ತದೆ ಎಂದುಕೊಂಡರೂ ಮೂರು ವರ್ಷಕ್ಕೆ 28,605 ಪೌಂಡ್. ಇದರ ಮೇಲೆ ಜೀವನ ವೆಚ್ಚಕ್ಕೆಂದು ಕೊಡುವ ಸಾಲ. ಇದು ಮನೆಯ ಆದಾಯವನ್ನು ಅವಲಂಬಿಸಿದೆ. ಲಂಡನ್ನಿನ ಹೊರಗೆ, ಮನೆ ಬಿಟ್ಟು ಇದ್ದು ಓದುವವರಿಗೆ 2025-26ರಲ್ಲಿ ಗರಿಷ್ಠ 10,544 ಪೌಂಡ್ ಸಿಗುತ್ತಿತ್ತು. ಆದರೆ ಆ ಪೂರ್ಣ ಮೊತ್ತ ಸಿಗುವುದು ಮನೆಯ ಆದಾಯ 25,000 ಪೌಂಡಿಗಿಂತ ಹೆಚ್ಚಿಲ್ಲದವರಿಗೆ ಮಾತ್ರ. ಈ 25,000ದ ಗೆರೆ 2008ರಿಂದ ಒಂದಿಂಚೂ ಕದಲಿಲ್ಲ ಎಂಬುದನ್ನು ನಾನು ಗಟ್ಟಿಯಾಗಿಯೇ ಹೇಳಬಯಸುತ್ತೇನೆ, ಏಕೆಂದರೆ ಇಬ್ಬರೂ ಕನಿಷ್ಠ ವೇತನಕ್ಕೆ ದುಡಿಯುವ ತಂದೆತಾಯಿಯ ಮಗುವಿಗೂ ಇಂದು ಪೂರ್ಣ ಸಾಲ ಸಿಗುವುದಿಲ್ಲ. ಮನೆಯ ಆದಾಯ ಏರಿದಂತೆ ಸಾಲ ಇಳಿಯುತ್ತಾ ಹೋಗಿ, ಒಂದು ಗೆರೆಯ ಆಚೆ ಕನಿಷ್ಠ ಮೊತ್ತಕ್ಕೆ ನಿಲ್ಲುತ್ತದೆ. ನಮ್ಮಿಬ್ಬರ ಸಂಬಳ ಸೇರಿದರೆ ಆ ಗೆರೆಯನ್ನೂ ದಾಟುತ್ತಿದ್ದುದರಿಂದ ನಮ್ಮ ಮಗಳಿಗೆ ಕನಿಷ್ಠ ಮೊತ್ತವಾದ 4,915 ಪೌಂಡ್ ಎಂದಾಯಿತು. ಮೂರು ವರ್ಷಕ್ಕೆ 14,745. ಎಲ್ಲ ಸೇರಿ 43,350 ಪೌಂಡ್, ಬಡ್ಡಿ ಬಿಟ್ಟು.

ಫೋನಿನಲ್ಲಿ ಈ ಅಂಕಿ ಕೇಳಿದ ಮಾವನವರು ರೂಪಾಯಿಗೆ ಪರಿವರ್ತಿಸಿ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಮ್ಮಾ. ಹದಿನೆಂಟು ವರ್ಷದ ಹೆಣ್ಣುಮಗಳ ತಲೆಯ ಮೇಲೆ ಇಷ್ಟು ಸಾಲ ಹೊರಿಸುವ ಬದಲು ನಿಮ್ಮ ಹತ್ತಿರ ಕೂಡಿಟ್ಟ ಹಣ ಇದ್ದರೆ ಅದರಿಂದಲೇ ಫೀಸು ಕಟ್ಟಿಬಿಡಿ" ಎಂದರು. ಸಾಲದ ಬಗ್ಗೆ ನಮ್ಮ ಮನೆಗಳಲ್ಲಿ ಬೆಳೆದು ಬಂದಿರುವ ಈ ಅಂಜಿಕೆ ಅನುಭವದಿಂದ ಬಂದದ್ದು. ನನ್ನ ಪತಿಗೂ ಒಳಗೊಳಗೆ ಅದೇ ಅನಿಸುತ್ತಿತ್ತು. ಹಾಗಾಗಿ ನಾವು ಉತ್ತರಿಸಬೇಕಾದ ಪ್ರಶ್ನೆಗಳು ಎರಡಾದವು: ಇಂಗ್ಲಿಷ್ ಪದವಿಯ ಸಂಪಾದನೆ ಈ ಸಾಲವನ್ನು ತಾಳಿಕೊಳ್ಳುತ್ತದೆಯೇ, ಮತ್ತು ಉಳಿತಾಯದ ಹಣದಿಂದ ಶುಲ್ಕ ಕಟ್ಟಿಬಿಡುವುದು ಮಗಳಿಗೆ ನಿಜವಾಗಿ ಉಪಕಾರವೇ.

2023ರ ಆಗಸ್ಟ್ ನಂತರ ಪದವಿಗೆ ಸೇರಿದ ಇಂಗ್ಲೆಂಡಿನ ವಿದ್ಯಾರ್ಥಿಗಳ ಸಾಲವನ್ನು ಪ್ಲಾನ್ 5 ಎನ್ನುತ್ತಾರೆ. ವರ್ಷದ ಸಂಪಾದನೆ 25,000 ಪೌಂಡ್ ದಾಟಿದರೆ, ದಾಟಿದಷ್ಟಕ್ಕೆ ಮಾತ್ರ ಶೇಕಡಾ 9ರಷ್ಟನ್ನು ಸಂಬಳದಿಂದಲೇ ಹಿಡಿಯುತ್ತಾರೆ. ದಾಟದಿದ್ದರೆ ಏನೂ ಇಲ್ಲ. ಕೆಲಸ ಹೋದರೆ, ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದರೆ ಕಡಿತವೂ ನಿಲ್ಲುತ್ತದೆ. ಗಂಡನ ಸಂಬಳವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಂದೆತಾಯಿಯ ಜಾಮೀನು ಬೇಕಿಲ್ಲ. 40 ವರ್ಷ ಕಳೆದ ಮೇಲೆ ಎಷ್ಟೇ ಬಾಕಿಯಿರಲಿ, ಮನ್ನಾ. ಬಡ್ಡಿ ಎಂದರೆ ಆರ್‌ಪಿಐ, ಅಂದರೆ ಚಿಲ್ಲರೆ ಬೆಲೆ ಸೂಚ್ಯಂಕದ ಏರಿಕೆಯಷ್ಟು, ಅದಕ್ಕಿಂತ ಹೆಚ್ಚಿಲ್ಲ. ಇದಕ್ಕೂ ಹಿಂದಿನ ಪ್ಲಾನ್ 2ರಲ್ಲಿ ಅವಧಿ 30 ವರ್ಷವಿತ್ತು, ಕಡಿತ ಶುರುವಾಗುವ ಗೆರೆ ಸ್ವಲ್ಪ ಮೇಲಿತ್ತು, ಆದರೆ ಸಂಪಾದನೆ ಏರಿದಂತೆ ಬಡ್ಡಿ ಆರ್‌ಪಿಐಗಿಂತ ಶೇಕಡಾ 3ರವರೆಗೂ ಮೇಲೆ ಹೋಗುತ್ತಿತ್ತು.

ಈ ಹಳೆಯ ವ್ಯವಸ್ಥೆಯ ಅಡಿ ಓದಿದ, ನಮ್ಮ ಪರಿಚಯದ ಕನ್ನಡ ಕುಟುಂಬವೊಂದರ ಹುಡುಗಿ ಸೇವಾಸಂಸ್ಥೆಯೊಂದರ ಪ್ರಚಾರ ವಿಭಾಗದಲ್ಲಿದ್ದಾಳೆ. ಅವಳ ಪದವಿಯೂ ಇಂಗ್ಲಿಷಿನಲ್ಲೇ. ಅವಳು ನಮ್ಮ ಮಗಳಿಗೆಂದು 2025ರ ಫೆಬ್ರವರಿಯ ತನ್ನ ಪೇ ಸ್ಲಿಪ್ಪನ್ನು ತಂದು ಮೇಜಿನ ಮೇಲಿಟ್ಟು ತೋರಿಸಿದಳು. ಎಡಗಡೆ ತಿಂಗಳ ಸಂಬಳ 2,800 ಪೌಂಡ್. ಬಲಗಡೆ ಕಡಿತಗಳ ಪಟ್ಟಿಯಲ್ಲಿ ತೆರಿಗೆ, ವಿಮೆ ಮತ್ತು ಪಿಂಚಣಿಯ ಕೆಳಗೆ ವಿದ್ಯಾರ್ಥಿ ಸಾಲ ಎಂದು 47 ಪೌಂಡ್. ಆ ವರ್ಷ ಪ್ಲಾನ್ 2ರ ಗೆರೆ 27,295 ಪೌಂಡ್, ತಿಂಗಳಿಗೆ 2,274. ಅದನ್ನು ಕಳೆದರೆ ಉಳಿಯುವ 526 ಪೌಂಡಿನ ಶೇಕಡಾ 9 ಎಂದರೆ 47 ಪೌಂಡ್ 34 ಪೆನ್ಸ್. ಪೆನ್ಸನ್ನು ಬಿಟ್ಟು ಪೂರ್ಣ ಪೌಂಡಿಗೆ ಇಳಿಸಿ ಹಿಡಿಯುವುದು ಪೇರೋಲಿನ ಪದ್ಧತಿ. ಆಮೇಲೆ ಅವಳು ಫೋನಿನಲ್ಲಿ ಸಾಲದ ಖಾತೆ ತೆರೆದು ತೋರಿಸಿದಳು. ವರ್ಷವಿಡೀ ಕಡಿತವಾದದ್ದು ಐನೂರಚಿಲ್ಲರೆ ಪೌಂಡ್. ಅದೇ ವರ್ಷ ಬಡ್ಡಿಯಾಗಿ ಸೇರಿದ್ದು ಎರಡು ಸಾವಿರ ಪೌಂಡ್ ಮೀರಿತ್ತು. ಕಟ್ಟುತ್ತಾ ಹೋದರೂ ಬಾಕಿ ಬೆಳೆಯುತ್ತಿತ್ತು.

ಮಗಳು ಆ ಎರಡು ಅಂಕಿಗಳನ್ನು ನೋಡಿ, "ಅಮ್ಮಾ, ಇದು ಎಂದಿಗೂ ತೀರುವುದಿಲ್ಲವಲ್ಲ?" ಎಂದು ಕೇಳಿದಳು. ತೀರದೆಯೂ ಇರಬಹುದು. ಸಂಬಳ ಈ ಮಟ್ಟದಲ್ಲೇ ಉಳಿದರೆ ಅವಧಿ ಮುಗಿದಾಗ ಬಾಕಿ ಮನ್ನಾ ಆಗುತ್ತದೆ. ಅಲ್ಲಿಯವರೆಗೆ ಆ ಹುಡುಗಿಯ ಬದುಕಿನಿಂದ ಹೋಗುವುದು ಖಾತೆಯಲ್ಲಿ ಕಾಣುವ ಮೊತ್ತವಲ್ಲ, ಪೇ ಸ್ಲಿಪ್ಪಿನಲ್ಲಿ ಕಾಣುವ 47 ಪೌಂಡ್. ಈ ಸಾಲವನ್ನು ತೂಗುವಾಗ ಹಿಡಿಯಬೇಕಾದದ್ದು ಇದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಬಳ ಹೆಚ್ಚಿದರೆ ಕಡಿತ ಹೆಚ್ಚುತ್ತದೆ, ಸಂಬಳ ಇಳಿದರೆ ಕಡಿತ ಇಳಿಯುತ್ತದೆ; ಇನ್ನೂ ಹತ್ತು ಸಾವಿರ ಪೌಂಡ್ ಹೆಚ್ಚು ಸಾಲ ಮಾಡಿದ್ದರೂ ಈ ತಿಂಗಳ ಕಡಿತ ಒಂದು ಪೆನ್ನಿಯೂ ಹೆಚ್ಚುತ್ತಿರಲಿಲ್ಲ.

ಪ್ಲಾನ್ 5ರಲ್ಲಿ ಲೆಕ್ಕ ಹಾಕುವುದಕ್ಕೆ ಒಂದು ಅನುಕೂಲವಿದೆ. ಬಡ್ಡಿಯು ಬೆಲೆಯೇರಿಕೆಯಷ್ಟೇ ಆಗಿರುವುದರಿಂದ ಎಲ್ಲವನ್ನೂ ಇವತ್ತಿನ ಹಣದ ಬೆಲೆಯಲ್ಲೇ ಲೆಕ್ಕ ಹಾಕಿ, ಬಡ್ಡಿಯನ್ನು ಪಕ್ಕಕ್ಕಿಡಬಹುದು. 43,350 ಪೌಂಡಿನ ಸಾಲವನ್ನು 40 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 1,084 ಪೌಂಡ್. ಶೇಕಡಾ 9ರ ಕಡಿತದಲ್ಲಿ ಅಷ್ಟು ಹಣ ಹೋಗಬೇಕಾದರೆ ಸಂಬಳ 25,000ಕ್ಕಿಂತ 12,000 ಪೌಂಡಿನಷ್ಟು ಮೇಲಿರಬೇಕು. ಅಂದರೆ ನಲವತ್ತು ವರ್ಷದ ಸರಾಸರಿ ಸಂಪಾದನೆ ಇವತ್ತಿನ ಬೆಲೆಯಲ್ಲಿ ಸುಮಾರು 37,000 ಪೌಂಡ್ ಆದರೆ ಸಾಲ ಸರಿಯಾಗಿ ಕೊನೆಯ ಹೊತ್ತಿಗೆ ತೀರುತ್ತದೆ. ಅದಕ್ಕಿಂತ ಕಡಿಮೆಯಾದರೆ ಸ್ವಲ್ಪ ಭಾಗ ಮನ್ನಾ ಆಗುತ್ತದೆ, ಹೆಚ್ಚಾದರೆ ಬೇಗ ತೀರುತ್ತದೆ. ಗೆರೆಯನ್ನು ಬೆಲೆಯೇರಿಕೆಯ ಜೊತೆ ಏರಿಸುತ್ತಾರೆ ಎಂಬ ನಂಬಿಕೆಯ ಮೇಲೆ ಹಾಕಿದ ಒರಟು ಲೆಕ್ಕ ಇದು. ಹಾಗೆ ಏರಿಸಲು ಶುರುಮಾಡುವುದು 2027ರಿಂದ ಎಂದು ಪ್ಲಾನ್ 5 ಜಾರಿಗೆ ತಂದಾಗ ಸರ್ಕಾರ ಹೇಳಿತ್ತು.

ಮಗಳು ಒಂದು ಹಾಳೆಯಲ್ಲಿ ಬೇರೆಬೇರೆ ಸಂಬಳಗಳನ್ನು ಬರೆದಳು. ಸರಾಸರಿ 33,000 ಆದರೆ ವರ್ಷಕ್ಕೆ 720 ಪೌಂಡ್ ಕಡಿತ. ನಲವತ್ತು ವರ್ಷಕ್ಕೆ 28,800 ಕಟ್ಟಿ, 14,550 ಮನ್ನಾ. 40,000 ಆದರೆ ವರ್ಷಕ್ಕೆ 1,350. ಮೂವತ್ತೆರಡು ವರ್ಷದಲ್ಲಿ ಪೂರ್ಣ ತೀರುವಳಿ. 60,000 ಆದರೆ 3,150. ಹದಿನಾಲ್ಕು ವರ್ಷದೊಳಗೆ ಮುಗಿಯುತ್ತದೆ. ಶಿಕ್ಷಕಿಯಾಗುವ ಯೋಚನೆ ಅವಳಿಗೆ ಆಗಲೂ ಇತ್ತು, ಈಗಲೂ ಇದೆ. 2025-26ರ ಶಾಲಾ ವರ್ಷದಲ್ಲಿ ಲಂಡನ್ನಿನ ಹೊರಗೆ ಇಂಗ್ಲೆಂಡಿನ ಹೊಸ ಶಿಕ್ಷಕರ ಆರಂಭಿಕ ಸಂಬಳ 32,916 ಪೌಂಡ್. ಅದರಲ್ಲಿ ಪ್ಲಾನ್ 5ರ ಕಡಿತ ತಿಂಗಳಿಗೆ 59 ಪೌಂಡ್ ಬರುತ್ತದೆ. ಶಿಕ್ಷಕ ತರಬೇತಿಯ ಒಂದು ವರ್ಷಕ್ಕೆ ಇದೇ ಬಗೆಯ ಶುಲ್ಕದ ಸಾಲ ತೆಗೆದರೆ ಖಾತೆಯ ಮೊತ್ತ ಇನ್ನಷ್ಟು ಏರುತ್ತದೆ, ಕಡಿತ ಮಾತ್ರ ಅದೇ 59 ಆಗಿರುತ್ತದೆ.

ಹೀಗೆ ಬರೆದ ಮಾತ್ರಕ್ಕೆ ಇದು ಸಿಹಿಯಾದ ವ್ಯವಸ್ಥೆ ಎಂದು ನಾನು ಹೇಳುತ್ತಿಲ್ಲ. ಕಡಿತ ಶುರುವಾಗುವ 25,000ದ ಗೆರೆ ಬಹಳ ಕೆಳಗಿದೆ. 2025ರ ಏಪ್ರಿಲ್‌ನಿಂದ ಇಪ್ಪತ್ತೊಂದು ವರ್ಷ ತುಂಬಿದವರ ಕನಿಷ್ಠ ವೇತನ ಒಂದು ವರ್ಷದ ಮಟ್ಟಿಗೆ ಗಂಟೆಗೆ 12.21 ಪೌಂಡ್ ಇತ್ತು. ವಾರಕ್ಕೆ ನಲವತ್ತು ಗಂಟೆಯಂತೆ ವರ್ಷವಿಡೀ ದುಡಿದರೆ 25,396 ಪೌಂಡ್ ಆಗುತ್ತಿತ್ತು. ದೇಶದ ಅತಿ ಕಡಿಮೆ ಸಂಬಳಕ್ಕೆ ಪೂರ್ಣಾವಧಿ ದುಡಿಯುವ ಪದವೀಧರೆಯೂ ಗೆರೆ ದಾಟುತ್ತಾಳೆ. ಪದವಿಯಿಂದ ಏನಾದರೂ ಲಾಭವಾದ ಮೇಲೆ ತೀರಿಸಿದರೆ ಸಾಕು ಎಂಬ ಭರವಸೆ ಇಲ್ಲಿ ಉಳಿದಿಲ್ಲ. ಅಲ್ಲದೆ ಮಧ್ಯಮ ಸಂಬಳದವರು ಇಪ್ಪತ್ತೆರಡರಿಂದ ಅರವತ್ತೆರಡರವರೆಗೆ ಶೇಕಡಾ 20ರ ತೆರಿಗೆ ಮತ್ತು ಶೇಕಡಾ 8ರ ರಾಷ್ಟ್ರೀಯ ವಿಮೆಯ ಮೇಲೆ ಈ 9ನ್ನೂ ಹೊರುತ್ತಾರೆ. ಗೆರೆಯ ಮೇಲೆ ದುಡಿದ ಪ್ರತಿ ನೂರು ಪೌಂಡಿನಲ್ಲಿ 37 ಪೌಂಡ್ ಕೈಗೆ ಬರುವ ಮುನ್ನವೇ ಹೋಗುತ್ತದೆ. ದೊಡ್ಡ ಸಂಬಳದ ವೃತ್ತಿಗೆ ಹೋದವರು ಮೂವತ್ತೈದರ ವಯಸ್ಸಿನ ಹೊತ್ತಿಗೆ ಇದರಿಂದ ಬಿಡುಗಡೆ ಹೊಂದಿರುತ್ತಾರೆ. ಇಂಗ್ಲಿಷ್ ಪದವೀಧರರಲ್ಲಿ ಬಹಳ ಮಂದಿ ಬೀಳುವುದು ಬೇಗ ತೀರಿಸಲಾಗದ, ಸುಮ್ಮನೆ ಬಿಡಿಸಿಕೊಳ್ಳಲೂ ಆಗದ ಈ ನಡುವಿನ ಪಟ್ಟಿಯಲ್ಲಿ.

ಇನ್ನು ಆದಾಯದ ಕಡೆ. ಇದಕ್ಕೆ ನಾವು ಬಳಸಿದ್ದು ಡಿಸ್ಕವರ್ ಯೂನಿ ಎಂಬ ಅಧಿಕೃತ ಜಾಲತಾಣವನ್ನು. ಒಂದೊಂದು ಕೋರ್ಸಿಗೂ ಅಲ್ಲಿ ಪದವಿಯ ಹದಿನೈದು ತಿಂಗಳ ನಂತರದ, ಮೂರು ವರ್ಷದ ನಂತರದ ಮತ್ತು ಐದು ವರ್ಷದ ನಂತರದ ಆದಾಯವನ್ನು ಕೊಟ್ಟಿರುತ್ತಾರೆ. ಹದಿನೈದು ತಿಂಗಳಿನದು ಪದವೀಧರರೇ ಸಮೀಕ್ಷೆಯಲ್ಲಿ ತುಂಬಿ ಕಳಿಸಿದ್ದು. ಮೂರು ಮತ್ತು ಐದು ವರ್ಷದ್ದು ಶಿಕ್ಷಣ ಇಲಾಖೆಯ ದಾಖಲೆಗಳನ್ನು ತೆರಿಗೆ ಇಲಾಖೆಯ ದಾಖಲೆಗಳ ಜೊತೆ ಜೋಡಿಸಿ ತೆಗೆದದ್ದು. ಇವು ಸರಾಸರಿಗಳಲ್ಲ, ಮಧ್ಯಾಂಕಗಳು. ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವರ ಆದಾಯ. ಜೊತೆಗೆ ಕೆಳಗಿನ ಕಾಲು ಭಾಗ ಮುಗಿಯುವ ಅಂಕಿ ಮತ್ತು ಮೇಲಿನ ಕಾಲು ಭಾಗ ಶುರುವಾಗುವ ಅಂಕಿಯೂ ಇರುತ್ತವೆ.

ಮಗಳ ಪಟ್ಟಿಯಲ್ಲಿದ್ದ ಕೋರ್ಸುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮಧ್ಯಾಂಕಗಳ ವ್ಯತ್ಯಾಸ. ನಿಧಾನವಾಗಿ ಓದಿದಾಗ ಕಂಡದ್ದು ಬೇರೆ. ಒಂದು ಕೋರ್ಸಿನ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಇಪ್ಪತ್ತು ಮೂವತ್ತು ಜನರ ಉತ್ತರದಿಂದ ಬಂದದ್ದು ಎಂದಿತ್ತು. ಇನ್ನೊಂದರಲ್ಲಿ ಆ ಕೋರ್ಸಿನ ಜನ ಸಾಲದೆ, ಅದೇ ವಿಶ್ವವಿದ್ಯಾಲಯದ ಸಮೀಪದ ವಿಷಯಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದ್ದರು. ತೆರಿಗೆ ದಾಖಲೆಯಲ್ಲಿ ಯಾರು ಪೂರ್ಣಾವಧಿ, ಯಾರು ಅರ್ಧದಿನದ ಕೆಲಸ ಎಂಬ ವಿವರ ಇರುವುದಿಲ್ಲ. ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಾ ಸಂಶೋಧನೆಗೆ ತಯಾರಾಗುತ್ತಿರುವವಳ ಆದಾಯವೂ, ಐದು ದಿನ ದುಡಿಯುವವಳ ಆದಾಯವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಲಂಡನ್ನಿನಲ್ಲಿ ಕೆಲಸ ಹಿಡಿಯುವವರು ಹೆಚ್ಚಿರುವ ಕೋರ್ಸಿನ ಅಂಕಿ ಮೇಲಿರುತ್ತದೆ, ಓದಿದ ಊರಿನ ಸುತ್ತಲೇ ನೆಲೆ ನಿಲ್ಲುವವರ ಕೋರ್ಸಿನದು ಕೆಳಗಿರುತ್ತದೆ, ಆದರೆ ಲಂಡನ್ನಿನ ಬಾಡಿಗೆ ಈ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಐದು ವರ್ಷದ ಅಂಕಿಯಲ್ಲಿರುವವರು ಪದವಿಗೆ ಸೇರಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಕಳೆದಿರುತ್ತದೆ ಎಂಬುದೂ ನೆನಪಿರಬೇಕು.

ಇವೆಲ್ಲ ಅಂಕಿಗಳನ್ನು ತಳ್ಳಿಹಾಕಲು ಹುಡುಕಿದ ಕಾರಣಗಳಲ್ಲ. ಇಂಗ್ಲಿಷ್ ಪದವೀಧರರು ಐದನೆಯ ವರ್ಷದಲ್ಲಿ ಅರ್ಥಶಾಸ್ತ್ರ ಓದಿದವರಿಗಿಂತ ಕಡಿಮೆ ದುಡಿಯುತ್ತಾರೆ ಎಂಬುದು ನಿಜ, ಅದು ಎಣಿಕೆಯ ಕೊರತೆಯಿಂದ ಹುಟ್ಟಿದ್ದಲ್ಲ. ಆದರೆ ಒಂದು ಕೋರ್ಸಿನೊಳಗೇ ಮೇಲಿನ ಕಾಲು ಮತ್ತು ಕೆಳಗಿನ ಕಾಲಿನ ನಡುವೆ ಇದ್ದ ದೂರ, ನಾವು ಹೋಲಿಸುತ್ತಿದ್ದ ಎರಡು ಕೋರ್ಸುಗಳ ಮಧ್ಯಾಂಕಗಳ ನಡುವಿನ ದೂರಕ್ಕಿಂತ ದೊಡ್ಡದಾಗಿತ್ತು. ಹಾಗಾಗಿ ನಾವು ಮಧ್ಯಾಂಕಕ್ಕಿಂತ ಕೆಳಗಿನ ಕಾಲಿನ ಅಂಕಿಯನ್ನೇ ಹೆಚ್ಚು ಗಮನಿಸಿದೆವು. ಎಲ್ಲವೂ ಅಂದುಕೊಂಡಂತೆ ಆಗದಿದ್ದರೆ ಮಗಳ ಕೈಗೆ ಎಷ್ಟು ಬರುತ್ತದೆ, ಅದರಲ್ಲಿ ಬಾಡಿಗೆ ಕಟ್ಟಿ ಬದುಕಬಹುದೇ ಎಂಬುದು ನಮಗೆ ತಿಳಿಯಬೇಕಾಗಿತ್ತು.

ಈ ಹಂತದಲ್ಲಿ ಕಾನೂನು ಓದುವ ವಿಚಾರವನ್ನು ನನ್ನ ಪತಿ ಮುಂದಿಟ್ಟರು. ಕಾನೂನಿಗೂ ಇಂಗ್ಲಿಷಿಗೂ ಶುಲ್ಕ ಒಂದೇ, ಸಾಲ ಒಂದೇ. ಆದ್ದರಿಂದ ಎರಡು ವಿಷಯಗಳ ನಡುವೆ ಆರಿಸುವಾಗ ಸಾಲವನ್ನು ತಕ್ಕಡಿಗೆ ಹಾಕುವುದರಲ್ಲಿ ಅರ್ಥವಿಲ್ಲ. ಅಲ್ಲಿ ತೂಗಬೇಕಾದದ್ದು ಸಂಪಾದನೆ ಮತ್ತು ಆಸಕ್ತಿಯನ್ನು. 2021ರಲ್ಲಿ ಬಂದ ಸಾಲಿಸಿಟರ್ ಅರ್ಹತಾ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ನಡೆಯುತ್ತದೆಂದು ಓದಿ ತಿಳಿದ ಮೇಲೆ, ಆ ಬಾಗಿಲು ಇಂಗ್ಲಿಷ್ ಓದಿದರೂ ಮುಚ್ಚುವುದಿಲ್ಲ ಎಂದಾಯಿತು. ಮಗಳು ತನ್ನ ಮನಸ್ಸಿನಲ್ಲಿದ್ದುದನ್ನು ಅಪ್ಪನಿಗೆ ನೇರವಾಗಿಯೇ ಹೇಳಿದಳು: "ಅಪ್ಪಾ, ಕಾನೂನನ್ನು ನಾನು ಓದಬಲ್ಲೆ, ಆದರೆ ಎರಡನೆಯ ದರ್ಜೆಯ ಮೇಲಿನ ವಿಭಾಗ ಬರುತ್ತದೆ ಅನ್ನುವ ಧೈರ್ಯ ನನಗೆ ಇಂಗ್ಲಿಷಿನಲ್ಲಿ ಇದೆ, ಅದರಲ್ಲಿ ಇಲ್ಲ." ಬಹಳಷ್ಟು ಉದ್ಯೋಗದಾತರು ಕೇಳುವುದು ಆ ದರ್ಜೆಯನ್ನೇ. ಅವಳ ಮಾತಿಗೆ ನಾನು ಯಾವ ಮಧ್ಯಾಂಕಕ್ಕಿಂತಲೂ ಹೆಚ್ಚಿನ ಬೆಲೆ ಕೊಟ್ಟೆ.

ಸಾಲ ತಕ್ಕಡಿಗೆ ಬರುವುದು ಪದವಿಗೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ. ಅಲ್ಲಿಯೂ ಸಾಲಕ್ಕಿಂತ ದೊಡ್ಡ ವೆಚ್ಚವೊಂದು ಕಣ್ಣಿಗೆ ಬೀಳದೆ ಕುಳಿತಿರುತ್ತದೆ. ಹದಿನೆಂಟರಿಂದ ಇಪ್ಪತ್ತು ವರ್ಷದವರಿಗೆ 2025ರಲ್ಲಿ ಕನಿಷ್ಠ ವೇತನ ಗಂಟೆಗೆ 10 ಪೌಂಡ್. ವಾರಕ್ಕೆ ಮೂವತ್ತೇಳೂವರೆ ಗಂಟೆಯಂತೆ ವರ್ಷಕ್ಕೆ 19,500. ಮನೆಯಲ್ಲೇ ಇದ್ದು ಮೂರು ವರ್ಷ ದುಡಿದರೆ ಬರುವ ಸುಮಾರು 58,000 ಪೌಂಡನ್ನು ಓದುವವರು ಬಿಟ್ಟುಕೊಡುತ್ತಾರೆ. ಐಎಫ್‌ಎಸ್ ಎಂಬ ಹಣಕಾಸು ಅಧ್ಯಯನ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿ ಇದನ್ನೂ, ತೆರಿಗೆಯನ್ನೂ, ಸಾಲದ ಮರುಪಾವತಿಯನ್ನೂ ಕಳೆದು ನೋಡಿ, ಪದವಿಯಿಂದ ಜೀವಮಾನದಲ್ಲಿ ಆಗುವ ಸರಾಸರಿ ಲಾಭ ಹೆಣ್ಣುಮಕ್ಕಳಿಗೆ ಸುಮಾರು ಒಂದು ಲಕ್ಷ ಪೌಂಡ್, ಗಂಡುಮಕ್ಕಳಿಗೆ ಸುಮಾರು 1,30,000 ಪೌಂಡ್ ಎಂದಿತು. ಅದೇ ವರದಿ, ಐವರಲ್ಲಿ ಒಬ್ಬರಿಗೆ ಹಣದ ದೃಷ್ಟಿಯಿಂದ ವಿಶ್ವವಿದ್ಯಾಲಯಕ್ಕೆ ಹೋಗದಿದ್ದರೇ ಚೆನ್ನಾಗಿತ್ತು ಎಂದೂ ಹೇಳಿತು. ಅದು ಹಿಂದಿನ ಸಾಲ ವ್ಯವಸ್ಥೆಯ ಕಾಲದ ಲೆಕ್ಕ. ಆದರೂ ಆ ಐದನೆಯವರು ಯಾರು ಎಂಬ ಪ್ರಶ್ನೆಯನ್ನು ನಾವು ಮಗಳೊಂದಿಗೆ ಬಿಚ್ಚುಮನಸ್ಸಿನಿಂದ ಚರ್ಚಿಸಿದೆವು. ಓದನ್ನು ಅರ್ಧಕ್ಕೆ ಬಿಟ್ಟವರಿಗೂ ಸಾಲ ಉಳಿಯುತ್ತದೆ, ಪದವಿ ಉಳಿಯುವುದಿಲ್ಲ. ಮೊದಲ ವರ್ಷದಲ್ಲೇ ವಿಷಯ ಹಿಡಿಸದಿದ್ದರೆ ನಮಗೆ ಹೇಳಲು ಹಿಂಜರಿಯಬಾರದು ಎಂದು ಅವಳಿಗೆ ಆಗಲೇ ಹೇಳಿಟ್ಟೆವು.

ಇಷ್ಟಾದ ಮೇಲೆ ಮಾವನವರ ಪ್ರಶ್ನೆಗೆ ಬಂದೆವು. ಉಳಿತಾಯದಿಂದ 28,605 ಪೌಂಡ್ ಶುಲ್ಕ ಕಟ್ಟಿಬಿಟ್ಟರೆ ಮಗಳಿಗೆ ಉಳಿಯುವ ಸಾಲ 14,745 ಮಾತ್ರ. ಅವಳ ಸರಾಸರಿ ಸಂಬಳ 33,000 ಆದರೆ ಅದು ಇಪ್ಪತ್ತೂವರೆ ವರ್ಷದಲ್ಲಿ ತೀರುತ್ತದೆ. ನಾವು ಕಟ್ಟದಿದ್ದರೆ ನಲವತ್ತು ವರ್ಷದಲ್ಲಿ ಅವಳಿಂದ ಹೋಗುತ್ತಿದ್ದುದು 28,800. ಅಂದರೆ ನಾವು 28,605 ಖರ್ಚು ಮಾಡಿ ಅವಳಿಗೆ ಉಳಿಸಿದ್ದು ಸುಮಾರು 14,000, ಅದೂ ಅವಳು ನಲವತ್ತು ದಾಟಿದ ಮೇಲೆ. ಸರಾಸರಿ 40,000 ಆದರೆ ಕೊಟ್ಟಷ್ಟೂ ಉಳಿಯುತ್ತದೆ, ಆದರೆ ಅದು ಐವತ್ತರ ವಯಸ್ಸು ದಾಟುವವರೆಗೆ ಚೂರುಚೂರಾಗಿ ಬರುವ ಉಳಿತಾಯ. ಬಡ್ಡಿ ಬೆಲೆಯೇರಿಕೆಯಷ್ಟೇ ಇರುವಾಗ, ನಮ್ಮ ಹಣವನ್ನು ಬೆಲೆಯೇರಿಕೆಗೆ ಸಮನಾಗಿ ಬೆಳೆಯುವ ಜಾಗದಲ್ಲಿ ಇಡಲು ಸಾಧ್ಯವಾದರೆ ಮುಂಗಡ ಕಟ್ಟುವುದರಿಂದ ಏನೂ ಗಳಿಸಿದಂತಾಗುವುದಿಲ್ಲ. ಕಟ್ಟಿದ ಹಣ ಹಿಂದಕ್ಕೆ ಬರುವುದಿಲ್ಲ. ಕೈಯಲ್ಲಿರುವ ಹಣದಿಂದ ಸಾಲವನ್ನು ಯಾವಾಗ ಬೇಕಾದರೂ ತೀರಿಸಬಹುದು. ನಾನು ಇದನ್ನೆಲ್ಲ ಮಾವನವರಿಗೆ ಫೋನಿನಲ್ಲಿ ವಿವರಿಸಿದೆ. "ಸಾಲ ಕೊಟ್ಟವರು ಮನೆಗೆ ಬರುವುದಿಲ್ಲ ಅಂದಮೇಲೆ ಅದನ್ನು ಸಾಲ ಅಂತ ಯಾಕೆ ಕರೆಯುತ್ತಾರೆ?" ಎಂದು ಅವರು ಕೇಳಿದರು. ನನಗೂ ಅದು ಪದವೀಧರರ ಮೇಲಿನ ತೆರಿಗೆಯಂತೆಯೇ ಕಾಣುತ್ತದೆ ಎಂದು ಉತ್ತರಿಸಿದೆ. ಅವರಿಗೆ ಪೂರ್ತಿ ಸಮಾಧಾನವಾಯಿತೆಂದು ಹೇಳಲಾರೆ, ಆದರೆ ಫೀಸು ಕಟ್ಟಿ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ನಮ್ಮ ಹಣ ನಿಜವಾಗಿ ಬೇಕಾಗಿದ್ದ ಜಾಗ ಬೇರೆ ಇತ್ತು. ಗರಿಷ್ಠ ಜೀವನ ವೆಚ್ಚದ ಸಾಲ 10,544, ನಮ್ಮ ಮಗಳಿಗೆ ಸಿಕ್ಕಿದ್ದು 4,915. ನಡುವಿನ 5,629 ಪೌಂಡನ್ನು ತಂದೆತಾಯಿ ಕೊಡುತ್ತಾರೆ ಎಂಬುದು ಈ ವ್ಯವಸ್ಥೆಯ ಎಣಿಕೆ, ಆದರೆ ಮಂಜೂರಾತಿ ಪತ್ರದಲ್ಲಿ ಆ ಅಂಕಿಯನ್ನು ಬರೆದಿರಲಿಲ್ಲ. ವಿದ್ಯಾರ್ಥಿ ನಿವಾಸದ ಬಾಡಿಗೆಯ ಕಾಗದ ಬಂದಾಗ, ಸಿಕ್ಕಿದ ಸಾಲ ಬಾಡಿಗೆಗೂ ಸಾಲುತ್ತಿರಲಿಲ್ಲ. ಸಾಲಕ್ಕೆ ಹೆದರಿ ಉಳಿತಾಯವನ್ನೆಲ್ಲ ಶುಲ್ಕಕ್ಕೆ ಸುರಿದು, ಆಮೇಲೆ ಬಾಡಿಗೆಗೆ ಮಗುವನ್ನು ವಾರಕ್ಕೆ ಇಪ್ಪತ್ತು ಗಂಟೆ ಅಂಗಡಿ ಕೆಲಸಕ್ಕೆ ಕಳಿಸುವ ಕುಟುಂಬಗಳನ್ನು ನಾನು ಕಂಡಿದ್ದೇನೆ. ಓದುವ ಸಮಯವನ್ನೇ ಅದು ತಿನ್ನುತ್ತದೆ, ಓದಿನ ಸಮಯ ಹೋದರೆ ದರ್ಜೆ ಹೋಗುತ್ತದೆ. ನಾವು ಶುಲ್ಕದ ಸಾಲವನ್ನೂ ಜೀವನ ವೆಚ್ಚದ ಸಾಲವನ್ನೂ ಪೂರ್ತಿ ತೆಗೆಸಿ, ಆ ವ್ಯತ್ಯಾಸಕ್ಕೆಂದು ತಿಂಗಳಿಗೆ 470 ಪೌಂಡ್ ಅವಳ ಖಾತೆಗೆ ಹಾಕುತ್ತಿದ್ದೇವೆ.

ಸ್ನಾತಕೋತ್ತರ ಪದವಿಯ ವಿಷಯದಲ್ಲಿ ಮಾತ್ರ ನಾನು ಮಗಳಿಗೆ ಎಚ್ಚರಿಕೆ ಹೇಳಿದ್ದೇನೆ, ಏಕೆಂದರೆ ಇಂಗ್ಲಿಷ್ ಓದಿದವರಲ್ಲಿ ಕೆಲಸ ಬೇಗ ಸಿಗದಿದ್ದಾಗ ಎಂಎಗೆ ಸೇರುವವರು ಅನೇಕರು. ಆ ಸಾಲ ಪ್ರತ್ಯೇಕ. 21,000 ಪೌಂಡಿನ ಮೇಲಿನ ಸಂಪಾದನೆಗೆ ಶೇಕಡಾ 6, ಪ್ಲಾನ್ 5ರ ಶೇಕಡಾ 9ರ ಜೊತೆಗೇ ಹಿಡಿಯುತ್ತಾರೆ. ಹೊಸ ಶಿಕ್ಷಕಿಯ 32,916 ಪೌಂಡಿನಲ್ಲಿ ಅದು ವರ್ಷಕ್ಕೆ ಸುಮಾರು 715. ಮೂರು ವರ್ಷದ ಪದವಿಯ ಇಡೀ ಸಾಲಕ್ಕೆ ಆಗುವ 712ರಷ್ಟೇ ಕಡಿತ, ಒಂದು ವರ್ಷದ ಎಂಎಗೂ. ಹಾಗಾಗಿ ಉಳಿಸಿಕೊಂಡ ಹಣದಿಂದ ಯಾವ ಸಾಲವನ್ನಾದರೂ ತಪ್ಪಿಸುವುದಿದ್ದರೆ ಅದು ಈ ಸಾಲವಾಗಬೇಕು ಎಂದು ನಾವು ಮೂವರೂ ಒಪ್ಪಿದ್ದೇವೆ.

ನಿಯಮಗಳು ಬದಲಾಗಬಹುದು ಎಂಬ ಭಯ ನನಗಿದೆ. ಪ್ಲಾನ್ 2ರ ಗೆರೆಯನ್ನು 2021ರಿಂದ 2025ರವರೆಗೆ ಬೆಲೆಗಳು ವಿಪರೀತ ಏರಿದ ಕಾಲದಲ್ಲೇ 27,295ಕ್ಕೆ ತಡೆಹಿಡಿದರು. ಸಹಿ ಹಾಕುವಾಗ ಇದ್ದ ಷರತ್ತು ನಲವತ್ತು ವರ್ಷ ಹಾಗೆಯೇ ಇರುತ್ತದೆ ಎಂದು ಯಾರೂ ಭರವಸೆ ಕೊಡುವುದಿಲ್ಲ. ಶುಲ್ಕಕ್ಕೆ ಕೊಡದೆ ಉಳಿಸಿಕೊಂಡ ಹಣವನ್ನು ಮುಟ್ಟದೆ ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ಮಗಳು 2028ರ ಬೇಸಿಗೆಯಲ್ಲಿ ಓದು ಮುಗಿಸಿದರೆ ಕಡಿತ ಶುರುವಾಗುವುದು 2029ರ ಏಪ್ರಿಲ್‌ನಿಂದ. ಕೆಲಸಕ್ಕೆ ಸೇರುವಾಗ ತುಂಬುವ ಫಾರಂನಲ್ಲಿ ಪ್ಲಾನ್ 5 ಎಂದೇ ಗುರುತು ಹಾಕಬೇಕು. ಬೇರೆ ಪ್ಲಾನ್ ಗುರುತಿಸಿದರೆ ತಪ್ಪು ಗೆರೆಯಿಂದ ಕಡಿತವಾಗುವುದನ್ನು ನನ್ನ ಕೆಲಸದಲ್ಲಿ ನೋಡಿದ್ದೇನೆ. ಕಡಿತವನ್ನು ತಿಂಗಳ ಸಂಬಳದ ಮೇಲೆ ಲೆಕ್ಕ ಹಾಕುವುದರಿಂದ, ಒಂದು ತಿಂಗಳು ಹೆಚ್ಚುವರಿ ಕೆಲಸ ಮಾಡಿ 2,083 ಪೌಂಡ್ ದಾಟಿದರೆ ವರ್ಷದ ಒಟ್ಟು ಆದಾಯ 25,000ದ ಒಳಗಿದ್ದರೂ ಹಣ ಹಿಡಿದಿರುತ್ತಾರೆ. ಅಂಥ ಹಣವನ್ನು ತೆರಿಗೆ ವರ್ಷ ಮುಗಿದ ಮೇಲೆ ಕೇಳಿ ವಾಪಸ್ ಪಡೆಯಬಹುದು. ಪೇ ಸ್ಲಿಪ್ಪುಗಳನ್ನು ಮೊದಲ ತಿಂಗಳಿನಿಂದಲೇ ತೆಗೆದಿಡುವಂತೆ ಅವಳಿಗೆ ಹೇಳಿದ್ದೇನೆ.